ಕೊಂಗುನಾಡಿನ ಮೇಕೆ ಹಾಲು ಮತ್ತು ಚೀಸ್ ದಿಂಡು

ಮೇಕೆ ಸಾಕಣೆ ಮತ್ತು ಮನೆ ಹೈನುಗಾರಿಕೆಯ ಈ ಪ್ರದರ್ಶನ ಮೇಕೆ ಸಾಕುವವರಿಗೂ, ಹಾಲಿನ ಕೆಲಸ ಬಲ್ಲ ಗೃಹಿಣಿಯರಿಗೂ, ಕೊಂಗುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗ, ಒಕ್ಕಲಿಗ, ಕುರುಬ ಕುಟುಂಬಗಳಿಗೂ ಸೇರಿದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತಾದ್ದರಿಂದ, ಈ ಸೀಮೆಯ ದನ, ಕುರಿ, ಮೇಕೆಗಳ ಮಾತು ಕನ್ನಡಕ್ಕೆ ಹೊರಗಿನದಲ್ಲ.

ಈ ಸೀಮೆಯ ಕಾಂಗೇಯಂ, ಧಾರಾಪುರಗಳ ಸುತ್ತ ಕೊರಂಗಾಡು ಎಂದು ಕರೆಯುವ ಹುಲ್ಲುಗಾವಲುಗಳಿವೆ. ಮುಳ್ಳುಕಿಳುವೆ ಎಂಬ ಗಿಡದ ಜೀವಂತ ಬೇಲಿ ಕಟ್ಟಿ, ಕೊಳುಕ್ಕಟ್ಟೈ ಹುಲ್ಲನ್ನೂ ಬಿಳಿಜಾಲಿ ಮರಗಳನ್ನೂ ಒಟ್ಟಿಗೆ ಬೆಳೆಸುವ ಈ ಒಣಭೂಮಿಯ ವ್ಯವಸ್ಥೆ ಕಾಂಗೇಯಂ ತಳಿಯ ದನಗಳಿಂದ ಹೆಸರಾಗಿದ್ದರೂ, ಜಾಲಿಯ ಕಾಯಿಯನ್ನು ಮೇಕೆಗಳೂ ಅಷ್ಟೇ ಆಸೆಯಿಂದ ತಿನ್ನುತ್ತವೆ. ಆದರೆ ಇಲ್ಲಿ ಮೇಕೆಯೆಂದರೆ ಮುಖ್ಯವಾಗಿ ಮಾಂಸ; ಹಾಲು ಬಹುತೇಕ ಮರಿಗಳ ಪಾಲು. ಗಾಂಧೀಜಿ ಕುಡಿದದ್ದರಿಂದ ಮೇಕೆ ಹಾಲಿಗೆ ಗೌರವವೇನೋ ಬಂದಿತು, ಆದರೆ ಆ ಗೌರವ ಲೋಟವನ್ನು ದಾಟಿ ಅಡುಗೆಮನೆಯೊಳಕ್ಕೆ ಹೋಗಲಿಲ್ಲ. ತಿರುಪ್ಪೂರು ಜಿಲ್ಲೆಯದೇ ಆದ ಊತ್ತುಕುಳಿ ಬೆಣ್ಣೆಗೆ ಹೆಸರು ಮಾಡಿರುವಾಗ, ಅದೇ ಸೀಮೆಯಲ್ಲಿ ಮೇಕೆ ಹಾಲಿಗೆ ಒಂದು ರೂಪ ಸಿಗದಿರುವುದು ಕೈಚಳಕದ ಕೊರತೆಯಿಂದಲ್ಲ, ಅಭ್ಯಾಸದ ಕೊರತೆಯಿಂದ.

ಮೇಕೆ ಹಾಲಿನಲ್ಲಿ ಕೊಬ್ಬಿನ ಕಣಗಳು ಚಿಕ್ಕವು, ಅವನ್ನು ಗುಂಪುಗೂಡಿಸುವ ಪ್ರೋಟೀನ್ ವಿರಳ. ಆದ್ದರಿಂದ ಕೆನೆ ಬೇಗ ಮೇಲೇಳುವುದಿಲ್ಲ, ಬೆಣ್ಣೆ ತೆಗೆಯುವುದು ಕಷ್ಟ. ಹಾಲನ್ನು ಹೆಪ್ಪುಗಟ್ಟಿಸುವ ಪ್ರೋಟೀನ್ ಆದ ಕೇಸೀನಿನ ಒಂದು ಬಗೆ ಇದರಲ್ಲಿ ಕಡಿಮೆ ಇರುವುದರಿಂದ ಗಟ್ಟಿಯಾದ ಪನೀರಿಗಿಂತ ಮೃದುವಾದ ಚೀಸ್‌ಗೆ ಇದು ಹೆಚ್ಚು ಒಗ್ಗುತ್ತದೆ. ಫ್ರಾನ್ಸಿನ ತುರೇನ್ ಪ್ರಾಂತ್ಯದ ಸೇಂತ್ ಮೋರ್ ಎಂಬ ಬೂದಿ ಸವರಿದ, ನಡುವೆ ಹುಲ್ಲುಕಡ್ಡಿ ತೂರಿಸಿದ ದಿಂಡು ಅಂಥದೊಂದು ಮೃದು ಚೀಸ್.

ಇಂಥ ಮೃದು ಚೀಸನ್ನು ಮನೆಯಲ್ಲಿ ಮಾಡುವ ಕ್ರಮದಲ್ಲಿ ಮೊದಲನೆಯದು ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಹಿಡಿದಿಡುವುದು. ಮೇಕೆಗಳಿಂದ ಮನುಷ್ಯರಿಗೆ ದಾಟುವ ಬ್ರೂಸೆಲ್ಲೋಸಿಸ್ ಜ್ವರವನ್ನು ನೆನೆದರೆ ಹಸಿ ಹಾಲಿನ ಹಠಕ್ಕೆ ಇಲ್ಲಿ ಜಾಗವಿಲ್ಲ. ಹಾಲು 30 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ ಹೆಪ್ಪನ್ನೂ, ಹಾಲನ್ನು ಗಟ್ಟಿಯಾಗಿಸುವ ಕಿಣ್ವವಾದ ಶಾಕಾಹಾರಿ ರೆನೆಟ್ಟಿನ ಕೆಲವೇ ಹನಿಗಳನ್ನೂ ಬೆರೆಸಿ, ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಕದಲಿಸದೆ ಬಿಡಬೇಕು. ಹೆಚ್ಚು ರೆನೆಟ್ ಹಾಕಿದರೆ ಚೀಸ್ ರಬ್ಬರಿನಂತಾಗುತ್ತದೆ, ಹುಳಿಯೇ ಮುಖ್ಯ ಕೆಲಸ ಮಾಡಬೇಕು. ಕೊಂಗು ಬೇಸಿಗೆಯಲ್ಲಿ ಕೋಣೆ 35 ಡಿಗ್ರಿ ದಾಟುವಾಗ ಪಾತ್ರೆಗೆ ಒದ್ದೆ ಗೋಣಿ ಸುತ್ತಿ ಗಾಳಿಗೆ ಇಡುವುದು ಮೇಲು, ಏಕೆಂದರೆ ತೀರಾ ಬಿಸಿಯಲ್ಲಿ ಬೇಡದ ಸೂಕ್ಷ್ಮಾಣುಗಳು ಮುಂದಾಗಿ ಹೆಪ್ಪುಗಟ್ಟಿದ ಹಾಲಿನಲ್ಲಿ ಗಾಳಿಗುಳ್ಳೆ ಎಬ್ಬಿಸುತ್ತವೆ. ಅಂಥದ್ದನ್ನು ಚೆಲ್ಲಬೇಕು, ಮಸಾಲೆ ಹಾಕಿ ಉಳಿಸಲು ಹೋಗಬಾರದು. ಚೆನ್ನಾಗಿ ಹೆಪ್ಪುಗಟ್ಟಿದ ಹಾಲನ್ನು ಸೌಟಿನಿಂದ ಮೆಲ್ಲಗೆ ತೆಳುಬಟ್ಟೆಗೆ ಇಳಿಸಿ, ನೀರು ಸೋರಿ ಹೋಗುವಂತೆ ತಂಪಿನಲ್ಲಿ ತೂಗುಹಾಕಿ, ತೂಕದ ನೂರಕ್ಕೆ ಒಂದರಿಂದ ಒಂದೂವರೆ ಪಾಲು ಉಪ್ಪು ಬೆರೆಸಿದರೆ ದಿಂಡು ಉರುಳಿಸುವ ಹದ ಸಿಗುತ್ತದೆ. ಒಂದು ಲೀಟರ್ ಹಾಲಿಗೆ ಸುಮಾರು 150ರಿಂದ 200 ಗ್ರಾಂ ಚೀಸ್ ನಿರೀಕ್ಷಿಸಬಹುದು.

ಪರಿಮಳದ ವಿಷಯದಲ್ಲಿ ಪೇಟೆಯ ವಿದೇಶಿ ಒಣಸೊಪ್ಪಿನ ಡಬ್ಬಿಗಳಿಗಾಗಿ ಕಾಯಬೇಕಾದ ಅಗತ್ಯವೇ ಇಲ್ಲ. ಆನೆಮಲೆಯ ಕಾಳುಮೆಣಸನ್ನು ಒರಟಾಗಿ ಕುಟ್ಟಿ ದಿಂಡನ್ನು ಅದರ ಮೇಲೆ ಹೊರಳಿಸಬಹುದು; ನೆರಳಲ್ಲಿ ಒಣಗಿಸಿದ ಕರಿಬೇವು, ಹುರಿದ ಎಳ್ಳು, ಒಣಮೆಣಸಿನ ಚೂರು ಎಲ್ಲವೂ ಹೊಂದುತ್ತವೆ. ಚಿಕ್ಕ ಈರುಳ್ಳಿಯನ್ನು ಮಾತ್ರ ಹಸಿಯಾಗಿ ಬೆರೆಸಬಾರದು, ಅದು ನೀರು ಬಿಟ್ಟು ದಿಂಡು ಕುಸಿಯುವಂತೆ ಮಾಡುತ್ತದೆ. ಗರಿಗರಿಯಾಗಿ ಹುರಿದ ಮೇಲೆ ಸೇರಿಸಬೇಕು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ನೆನೆಸಿ ಹೊರಗಿಡುವುದು ಬಾಟ್ಯುಲಿಸಮ್ ಎಂಬ ವಿಷಬಾಧೆಗೆ ದಾರಿ ಮಾಡಬಲ್ಲದಾದ್ದರಿಂದ ಅದನ್ನು ಸಂಪೂರ್ಣವಾಗಿ ಬಿಡುವುದೇ ಸರಿ. ಫ್ರಿಜ್ಜಿನಲ್ಲಿ ಒಂದು ವಾರದೊಳಗೆ ತಿಂದು ಮುಗಿಸಬೇಕಾದ ಈ ತಾಜಾ ಚೀಸನ್ನು ಅಂಗಡಿ ಸರಕಾಗಿ ದೂರ ಸಾಗಿಸುವ ಆತುರಕ್ಕಿಂತ, ಹತ್ತು ಮೇಕೆಗಳಿರುವ ಮನೆ ತನ್ನ ಬೀದಿಗೆ ಮಾರುವ ಸಣ್ಣ ಅಳತೆಯೇ ಸದ್ಯಕ್ಕೆ ಯೋಗ್ಯ.

ಒಂದು ಸೂಚನೆ: ಪ್ರದರ್ಶನದ ಮೇಜುಗಳಲ್ಲಿ ಮಸಾಲೆ ದಿಂಡುಗಳ ಮುಂದೆ ಜನ ಗುಂಪುಗೂಡುವುದು ಸಹಜವಾದರೂ, ಇಲ್ಲಿಟ್ಟ ದಿಂಡುಗಳ ತೀರ್ಪುಗಾರರು ಮೊದಲು ಉಪ್ಪು ಮಾತ್ರ ಹಾಕಿದ, ಮಸಾಲೆಯಿಲ್ಲದ ದಿಂಡನ್ನು ನೋಡಬೇಕು, ಹಾಲಿನ ಶುದ್ಧಿಯೂ ಹುಳಿಯ ಹದವೂ ಅದರಲ್ಲಿ ಬಯಲಾಗುತ್ತವೆ. ಮೇಕೆ ಸಾಕಣೆ ಮತ್ತು ಮನೆ ಹೈನುಗಾರಿಕೆಯ ಈ ಪ್ರದರ್ಶನವನ್ನು ಸಾರ್ವಜನಿಕರಿಗೆ ತೆರೆಯಲಾಗಿದೆ.