ದರೋಜಿಯ ಕಥನಗಾರ್ತಿ



ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಬೀದಿಗಳಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಬಡ ಹುಡುಗನು ಗೆಳೆಯರೊಡನೆ ಹಾಡಿ ಬಿಡಿಕಾಸು ಸಂಪಾದಿಸುತ್ತಿದ್ದನು. ಮುಂದೆ ಜಾಜ್ ಸಂಗೀತದ ಲೋಕವೆಲ್ಲ ಆತನ ಕಂಠಕ್ಕೂ ತುತ್ತೂರಿಗೂ ತಲೆದೂಗಿತು. ಇದನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಓದಿ ಬೆರಗಾದವರು ನಾವು. ರಾಯಚೂರಿನವರಾದ ನಮಗೆ ತುಂಗಭದ್ರೆಯ ಆಚೆಯ ದಡದ ಕಂಠವು ಮಾತ್ರ ಬಹಳ ತಡವಾಗಿ ಕೇಳಿಸಿತು.

ಅದು ಬಳ್ಳಾರಿ ಸೀಮೆಯ ದರೋಜಿಯ ಈರಮ್ಮನವರ ಕಂಠ. ಇವರು 1930ರ ಸುಮಾರಿಗೆ ಬುಡ್ಗ ಜಂಗಮರೆಂಬ ಅಲೆಮಾರಿ ಕುಲದಲ್ಲಿ ಜನಿಸಿದರು. ಆ ಕುಲದವರಿಗೆ ಬುರ್ರಕಥೆಯೇ ಹೊಲ, ಅದೇ ಬೆಳೆ. ಹೆಗಲಿಗೆ ತಂಬೂರಿ, ಕೈಬೆರಳಿಗೆ ಗಲಗಲಿಸುವ ಲೋಹದ ಬಳೆ. ಪಕ್ಕದಲ್ಲಿ ಮಣ್ಣಿನ ಮದ್ದಳೆ ಬಡಿದು ಸೊಲ್ಲಿಗೆ ಸೊಲ್ಲು ಕೂಡಿಸುವವರು. ಊರಿಂದೂರಿಗೆ ನಡೆದು, ಓಣಿಯಲ್ಲಿ ನಿಂತು ಹಾಡಿ, ಕೊಟ್ಟ ಕಾಳುಕಡ್ಡಿಯನ್ನು ಜೋಳಿಗೆಗೆ ಹಾಕಿಕೊಳ್ಳುವುದು. ಈರಮ್ಮನವರು ಎಳವೆಯಲ್ಲಿಯೇ ತಂದೆಯವರಿಂದ ಕಥನವನ್ನು ಕಲಿತರು. ಅಕ್ಷರವನ್ನು ಕಲಿಯಲಿಲ್ಲ, ಆದರೂ ಹನ್ನೆರಡು ದೀರ್ಘಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಇವು ಅವುಗಳಲ್ಲಿ ಕೆಲವು. ಕುಮಾರರಾಮನ ಕುಮ್ಮಟದುರ್ಗವಾದರೋ ಒಂದು ಕಾಲಕ್ಕೆ ನಮ್ಮ ಜಿಲ್ಲೆಗೇ ಸೇರಿದ್ದ ಗಂಗಾವತಿ ತಾಲ್ಲೂಕಿನದು!

ವಿದ್ವಾಂಸರು ಆ ಕಾವ್ಯಗಳನ್ನು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅಚ್ಚಿಗೆ ತಂದಿತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. ವಿಶ್ವವಿದ್ಯಾಲಯದ 'ನಾಡೋಜ' ಪದವಿಯೂ ದೊರೆಯಿತು. ಆದಿಕವಿ ಪಂಪನ ನೆನಪನ್ನು ಹೊತ್ತ ಆ ಬಿರುದು ಓದುಬರಹವರಿಯದ ಹೆಣ್ಣುಮಗಳಿಗೆ ಸಂದುದು ನಮ್ಮಂತಹ ಪದವೀಧರರಿಗೆ ಸ್ವಲ್ಪ ನಾಚಿಕೆಯನ್ನೂ ಬಹಳ ಸಂತೋಷವನ್ನೂ ತರುವ ಸಂಗತಿ.

ಆದರೆ ಒಂದು ಶಂಕೆ ಉಂಟು. ಓಣಿಯಲ್ಲಿ ಹಾಡುವಾಗ ಕಥೆಯು ಕೇಳುವವರ ಮುಖ ನೋಡಿ ಬೆಳೆಯುತ್ತದೆ, ಕುಗ್ಗುತ್ತದೆ. ತಾಯಂದಿರು ಕಣ್ಣೊರೆಸಿಕೊಂಡರೆ ದುಃಖದ ಭಾಗ ಇನ್ನೊಂದು ಗಳಿಗೆ ನಿಲ್ಲುತ್ತದೆ. ಅಚ್ಚಿನ ಪುಟಕ್ಕೆ ಕಣ್ಣೀರು ಕಾಣದು. ಪುಸ್ತಕವಾಗದಿದ್ದರೆ ಕಾವ್ಯವು ಹಾಡುವವರೊಡನೆಯೇ ಹೋಗುತ್ತಿದ್ದಿತೆಂಬುದೂ ಅಷ್ಟೇ ನಿಜ. 2014ರ ಆಗಸ್ಟ್‌ನಲ್ಲಿ ಈರಮ್ಮನವರು ತೀರಿಕೊಂಡರು, ಉಳಿದುದು ಬರೆದಿಟ್ಟಷ್ಟೇ.

ನಾವು ತರಗತಿಯಲ್ಲಿ ಸ್ಕಾಟ್ಲೆಂಡಿನ ಲಾವಣಿಗಳನ್ನು ವರ್ಷವರ್ಷವೂ ಪಾಠ ಹೇಳಿದೆವು. ಅದೇ ವರ್ಷಗಳಲ್ಲಿ ನಮ್ಮ ಬಾಗಿಲಿಗೂ ತಂಬೂರಿ ಹೊತ್ತವರು ಬಂದುದುಂಟು. ಒಂದು ಬೊಗಸೆ ಜೋಳ ನೀಡಿ ಕದವಿಕ್ಕಿಕೊಂಡೆವು. ಯಾವ ಕಥೆಯ ಯಾವ ಭಾಗ ನಡೆದಿತ್ತೆಂದು ನಿಂತು ಕೇಳಲಿಲ್ಲ.