ಎದುರಾಳಿಯಿಲ್ಲದ ತಂಡ



1895ರ ಮಾರ್ಚ್ 23, ಶನಿವಾರ. ಉತ್ತರ ಲಂಡನ್ನಿನ ಕ್ರೌಚ್ ಎಂಡ್ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೇರಿದವರು ಹತ್ತು ಸಾವಿರ ಮಂದಿಯಾದರೂ ಇದ್ದರಂತೆ. ನೋಡಲು ಬಂದದ್ದು ಹೆಂಗಸರ ಫುಟ್‌ಬಾಲ್. ನಿಜ ಹೇಳಬೇಕೆಂದರೆ, ಬಹುಪಾಲು ಜನ ಬಂದದ್ದು ನಗುವುದಕ್ಕೆ.

ಆಡಲಿಳಿದದ್ದು ಬ್ರಿಟಿಷ್ ಲೇಡೀಸ್ ಫುಟ್‌ಬಾಲ್ ಕ್ಲಬ್. ಕಟ್ಟಿದವಳು ನೆಟ್ಟಿ ಹನಿಬಾಲ್. ಇದು ಅವಳ ನಿಜವಾದ ಹೆಸರಲ್ಲ ಎಂಬುದೇ ಇತಿಹಾಸಕಾರರ ಅನುಮಾನ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಮೂವತ್ತರಷ್ಟು ಹುಡುಗಿಯರನ್ನು ಸೇರಿಸಿದಳು. ಕಲಿಸಲು ಟಾಟನ್‌ಹ್ಯಾಮ್ ತಂಡದ ಆಟಗಾರ ಜೂಲಿಯನ್ ಒಪ್ಪಿದ. ಗಂಡಸರು ತಿಳಿದ ಹಾಗೆ ಹೆಂಗಸರು ಬರೀ ಅಲಂಕಾರದ ಬೊಂಬೆಗಳಲ್ಲ ಎಂದು ತೋರಿಸುವುದೇ ತನ್ನ ಉದ್ದೇಶ ಎಂದು ಸಂದರ್ಶನದಲ್ಲಿ ಖಡಾಖಂಡಿತವಾಗಿ ಹೇಳಿದ್ದಳು.

ಅಧ್ಯಕ್ಷೆ ಲೇಡಿ ಫ್ಲಾರೆನ್ಸ್ ಡಿಕ್ಸಿ. ಈಕೆಯದು ಬೇರೆಯೇ ಕಥೆ: ಪ್ಯಾಟಗೋನಿಯಾದಲ್ಲಿ ಕುದುರೆಯೇರಿ ತಿರುಗಿದವಳು, ದಕ್ಷಿಣ ಆಫ್ರಿಕಾದಿಂದ ಪತ್ರಿಕೆಗೆ ವರದಿ ಕಳಿಸಿದವಳು. ಬಾಕ್ಸಿಂಗ್ ನಿಯಮಗಳಿಗೆ ಹೆಸರು ಕೊಟ್ಟ ಕ್ವೀನ್ಸ್‌ಬರಿಯ ಮಾರ್ಕ್ವಿಸ್ ಇವಳ ಅಣ್ಣ. ಅದೇ ವಸಂತದಲ್ಲಿ ಆಸ್ಕರ್ ವೈಲ್ಡ್‌ನನ್ನು ಕೋರ್ಟಿಗೆಳೆದ ಪ್ರಕರಣದ ಮೂಲವೂ ಆತನೇ. ಅಣ್ಣತಂಗಿಯರಿಬ್ಬರೂ ಒಟ್ಟಿಗೇ ಪತ್ರಿಕೆಗಳಿಗೆ ಕೈತುಂಬ ಕೆಲಸ ಕೊಟ್ಟರು ಅನ್ನಿ.

ಆಟಕ್ಕೆ ಬರೋಣ. ಉತ್ತರದವರು ಕೆಂಪು ಅಂಗಿ, ದಕ್ಷಿಣದವರು ತಿಳಿನೀಲಿ-ಕಡುನೀಲಿ. ಕೆಳಗೆ ಮೊಣಕಾಲಿನ ಹತ್ತಿರ ಮುಗಿಯುವ ಸಡಿಲ ಚಡ್ಡಿ, ಕಾಲಿಗೆ ರಕ್ಷಾಕವಚ, ತಲೆಗೆ ಟೊಪ್ಪಿಗೆ. ಉತ್ತರ 7, ದಕ್ಷಿಣ 1. ಮರುದಿನದಿಂದ ಪತ್ರಿಕೆಗಳಲ್ಲಿ ಗೋಲಿಗಿಂತ ಚಡ್ಡಿಯ ಚರ್ಚೆಯೇ ಜೋರು. ಕೆಲವೇ ತಿಂಗಳು ಅಭ್ಯಾಸ ಮಾಡಿದವರ ಆಟ ಒರಟಾಗಿಯೇ ಇದ್ದಿರಬೇಕು. ಆದರೆ ಹೊಸದಾಗಿ ಚೆಂಡು ಮುಟ್ಟಿದ ಗಂಡಸರ ಆಟ ನೋಡಲು ಹತ್ತು ಸಾವಿರ ಜನ ದುಡ್ಡು ಕೊಟ್ಟು ಬರುತ್ತಿದ್ದರೇ?

ಉತ್ತರ-ದಕ್ಷಿಣ ಎಂದೆನಲ್ಲ, ಗಮನಿಸಿ: ಎರಡೂ ಒಂದೇ ಕ್ಲಬ್ಬಿನವು. ಆಡಲು ಬೇರೆ ಮಹಿಳಾ ತಂಡವೇ ಇರಲಿಲ್ಲ. ಅದಕ್ಕೇ ತಮ್ಮನ್ನು ತಾವೇ ಇಬ್ಭಾಗ ಮಾಡಿಕೊಂಡಿದ್ದರು. ಈ ಕೊರತೆಯೇ ಕ್ಲಬ್ಬಿನ ಕುತ್ತಿಗೆಗೆ ಬಂತು ಎಂದು ನನ್ನ ಎಣಿಕೆ. ಏಪ್ರಿಲ್‌ನಲ್ಲಿ ನ್ಯೂಕ್ಯಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ಗೆ 8,000 ಮಂದಿ ಬಂದರು, ಸರಿ. ಆದರೆ ಲೀಗ್ ಇಲ್ಲ, ಕಪ್ ಇಲ್ಲ, ಸ್ವಂತ ಮೈದಾನವಿಲ್ಲ. ಊರಿಂದೂರಿಗೆ ರೈಲು ಹತ್ತಬೇಕು, ಟಿಕೆಟ್ ದುಡ್ಡಿನಲ್ಲೇ ಎಲ್ಲ ಖರ್ಚು ತೂಗಬೇಕು. ಗೆಲುವು ಸೋಲಿಗೆ ಬೆಲೆಯಿಲ್ಲದ ಪಂದ್ಯವನ್ನು ಜನ ಒಮ್ಮೆ ನೋಡುತ್ತಾರೆ. ಮತ್ತೆ ಮತ್ತೆ ಯಾಕೆ ಬಂದಾರು?

ಒಳಗೂ ಒಡಕು ಬಿತ್ತು. ಮೊದಲ ಪಂದ್ಯದಲ್ಲಿ ಉತ್ತರದ ಗೋಲು ಕಾದಿದ್ದ ಮಿಸೆಸ್ ಗ್ರಹಾಂ ತನ್ನ ಹೆಸರಿನಲ್ಲೇ ಬೇರೆ ತಂಡ ಕಟ್ಟಿದಳು. ಗಂಡಸರ ತಂಡಗಳ ಜೊತೆಗೂ ಪಂದ್ಯಗಳು ನಡೆದವು. 1896ರ ಶರತ್ಕಾಲದ ಪ್ರವಾಸ ಎಕ್ಸೆಟರ್‌ನಲ್ಲಿ ಮುರಿದುಬಿತ್ತು. ಕೈಯಲ್ಲಿ ಕಾಸಿಲ್ಲದೆ ತಂಡ ಅಲ್ಲೇ ಸಿಕ್ಕಿಕೊಂಡಿತು. ಎರಡು ವರ್ಷ ತುಂಬುವ ಮೊದಲೇ ಕ್ಲಬ್ಬಿನ ಸುದ್ದಿ ಪತ್ರಿಕೆಗಳಿಂದ ಕಾಣೆಯಾಗುತ್ತ ಬಂತು.

1902ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಸದಸ್ಯ ಸಂಘಗಳಿಗೆ ಸೂಚನೆ ಹೊರಡಿಸಿತು: ಮಹಿಳಾ ತಂಡಗಳ ಜೊತೆ ಯಾರೂ ಆಡಕೂಡದು. ಇದ್ದೊಂದು ಎದುರಾಳಿಯ ದಾರಿಗೂ ಹೀಗೆ ಬೀಗ ಬಿತ್ತು.