ರಾತ್ರಿ ಶಾಲೆಗೆ ಹೊರಟ ಹುಡುಗರು

ಮುಂಬಯಿಯ ಮಾಟುಂಗಾ ಸ್ಟೇಷನ್ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ನಾಯಕರು ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು.

ಅವರಂತೆ ಕರಾವಳಿಯಿಂದ ಮುಂಬಯಿಗೆ ಬಂದ ಎಷ್ಟೋ ಹುಡುಗರ ಬದುಕು ಹೋಟೆಲಿನಲ್ಲೇ ಆರಂಭವಾಯಿತು. ಟೇಬಲ್ ಒರೆಸುವುದು, ಲೋಟ ತೊಳೆಯುವುದು. ಊಟ, ನಿದ್ದೆ ಎಲ್ಲ ಅಲ್ಲೇ. ಇಂಥವರಿಗಾಗಿ ನಗರದ ಕನ್ನಡ ಸಂಘಗಳು ರಾತ್ರಿ ಶಾಲೆ ತೆರೆದವು. ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆ ಅವುಗಳಲ್ಲೊಂದು.

ಆದರೆ ಶಾಲೆ ಇದ್ದರೆ ಸಾಲದು. ಗಿರಾಕಿಗಳು ತುಂಬುವುದೂ ಶಾಲೆಯ ಗಂಟೆ ಬಾರಿಸುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಗಲ್ಲೆಯಲ್ಲಿ ಕುಳಿತ ಧಣಿ, "ಹೊತ್ತಾಯಿತು, ನೀನು ಹೊರಡು ಮಾರಾಯ" ಎನ್ನಬೇಕು. ಆ ಹುಡುಗನ ಟೇಬಲನ್ನು ಇನ್ನೊಬ್ಬನಿಗೆ ವಹಿಸಬೇಕು. ಹಾಗೆ ಕಳಿಸಿದ ಧಣಿಗಳಿದ್ದರು. ಕಳಿಸದವರೂ ಇದ್ದರು.

ಓದಿದ ಹುಡುಗ ನಾಳೆ ಕೆಲಸ ಬಿಟ್ಟಾನು ಎಂಬುದು ಧಣಿಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದ್ದು ದೊಡ್ಡ ಮಾತು. ಹಾಗೆ ಓದಿದ ಹುಡುಗರಲ್ಲಿ ಕೆಲವರು ಬ್ಯಾಂಕು, ಕಚೇರಿ ಸೇರಿದರು. ಕೆಲವರು ತಾವೇ ಹೋಟೆಲು ತೆರೆದರು.

ನೌಕರರನ್ನು ಉಳಿಸಿಕೊಳ್ಳುವುದು ಹೇಗೆಂದು ಅಂಧೇರಿ, ಬಾಂದ್ರಾದ ಕಚೇರಿಗಳಲ್ಲಿ ಇಂದಿಗೂ ಚರ್ಚೆಯಿದೆ. ಯಾರಿಗೆ ಪರೀಕ್ಷೆಯಿದೆ, ಯಾರು ದೂರದ ವಿರಾರ್ ಲೋಕಲ್ ಹಿಡಿಯಬೇಕು? ಆ ಧಣಿಗಳ ಹಾಗೆ ಮ್ಯಾನೇಜರ್ ಒಬ್ಬರು ಇವತ್ತೇ ಅದನ್ನು ಕೇಳಿ, ಪಾಳಿ ಹೊಂದಿಸಿಕೊಡಬಹುದು.